ಸುರಂಗದ ಬಾಯಲ್ಲಿ ಮೊದಲ ಕೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರೈಲು ಸುರಂಗದ ಬಾಯಿಗೆ ಅಂಟಿಕೊಂಡಂತಿರುವ ತಗಡಿನ ಕೋಣೆಯಲ್ಲಿ ಅವಳು ವಾಕಿಟಾಕಿಗಳನ್ನು ಒಂದೊಂದಾಗಿ ಚಾರ್ಜಿನಿಂದ ಬಿಡಿಸಿ, ಸೀರೆಯ ಮೇಲೆ ತೊಟ್ಟ ಖಾಕಿ ಅಂಗಿಯ ತುದಿಯಿಂದ ಒರೆಸುತ್ತಾಳೆ. ಹಳಿ ರಿಪೇರಿಯ ಗ್ಯಾಂಗಿನವರು ಸಾಲಾಗಿ ಬಂದು ತಮ್ಮ ತಮ್ಮ ಸೆಟ್ ಪಡೆಯುತ್ತಾರೆ. "ಅಕ್ಕಾ, ನನ್ನದಕ್ಕೆ ರಾತ್ರಿ ಊಟ ಹಾಕಿದ್ದೀಯಾ?" ಎಂದು ಒಬ್ಬ ಕೇಳುತ್ತಾನೆ. "ನಿನಗಿಂತ ಚೆನ್ನಾಗಿ ಉಂಡಿದೆ, ನಡಿ" ಎನ್ನುತ್ತಾಳೆ. ಇಡೀ ಡಿಪೋದಲ್ಲಿ ಅವಳು ಎಲ್ಲರಿಗೂ ವಾಕಿ ಅಕ್ಕ. ನಿಜವಾದ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತದೆ ಎಂದು ಅವಳೇ ನಗುತ್ತಾಳೆ.

ಒಂದು ಸೆಟ್ಟನ್ನು ಅವಳು ಸುರಂಗದ ಬಾಯಲ್ಲಿರುವ ಮೊಳೆಗೆ ನೇತುಹಾಕುತ್ತಾಳೆ. ಅದು ಬಾಗಿಲ ಸೆಟ್. ಇನ್ನೊಂದನ್ನು ಕೈಯಲ್ಲಿ ಹಿಡಿದು ಗ್ಯಾಂಗಿನ ಜೊತೆ ಒಳಗೆ ನಡೆಯುತ್ತಾಳೆ. ಮೊದಲ ತಿರುವು ದಾಟಿದ ಕೂಡಲೇ ಹೊರಗಿನ ಟವರಿನ ಕೈ ಇಲ್ಲಿಗೆ ಎಟುಕುವುದಿಲ್ಲ. ಸೆಟ್ಟಿನ ಹಸಿರು ದೀಪ ತಡವರಿಸುತ್ತದೆ, ಆರುತ್ತದೆ, ಮತ್ತೆ ಹೊತ್ತಿ ನಿಲ್ಲುತ್ತದೆ. "ಸಿಕ್ತು" ಎಂದು ಅವಳು ಉಸಿರು ಬಿಡುತ್ತಾಳೆ. ಇಷ್ಟು ವರ್ಷವಾದರೂ ಆ ಉಸಿರು ಮಾತ್ರ ಪ್ರತಿ ಬೆಳಿಗ್ಗೆಯೂ ಹೊಸದೇ.

ಸಿಕ್ಕಿದ್ದೇನು? ಈ ಸೆಟ್ಟುಗಳು ನಮ್ಮ ಮಾತನ್ನು ಚೂರು ಚೂರು ಮಾಡಿ ಕಳಿಸುತ್ತವೆ. ಯಾವ ಚೂರು ಯಾವ ಗಳಿಗೆಯಲ್ಲಿ ಬರುತ್ತದೆಂದು ಕೇಳುವ ಸೆಟ್ಟಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಬರೀ ಗೊರಗೊರ. ಹೊರಗಾದರೆ ಎಲ್ಲರಿಗೂ ಟವರ್ ವೇಳೆ ಹೇಳುತ್ತದೆ. ಒಳಗೆ ಸೆಟ್ಟುಗಳು ತಾವೇ ನೋಡಿಕೊಳ್ಳಬೇಕು. ಬಾಗಿಲ ಸೆಟ್ ಟವರಿನ ವೇಳೆ ಹಿಡಿದು, ನಮ್ಮ ಕಿವಿಗೆ ಕೇಳದ ಸಣ್ಣ ಕೂಗೊಂದನ್ನು ಒಳಕ್ಕೆ ಹಾಕುತ್ತಲೇ ಇರುತ್ತದೆ. ಅದನ್ನು ಕೇಳಿದ ಸೆಟ್ ತನ್ನ ಗಡಿಯಾರ ಸರಿಮಾಡಿಕೊಂಡು ಮುಂದಿನದಕ್ಕೆ ಕೂಗುತ್ತದೆ. ಯಾರ ಕೂಗೂ ಕೇಳದಿದ್ದರೆ ತಾನೇ ಮೊದಲ ಕೂಗು ಹಾಕುತ್ತದೆ.

"ಮಾತಾಡೋದು ಆಮೇಲೆ. ಮೊದ್ಲು ತಾಳ ಕೂಡ್ಬೇಕು. ಇದು ನಂಗೆ ಹೊಸದೇನಲ್ಲ, ನಮ್ಮಪ್ಪ ಮಾಡ್ತಿದ್ದಿದ್ದೂ ಇದೇ ಕೆಲಸ" ಎನ್ನುತ್ತಾಳೆ.

ಅಪ್ಪ ಇದೇ ಹಳಿಯ ಮೇಲೆ ಗ್ಯಾಂಗಿನ ಕೂಗುಗಾರನಾಗಿದ್ದವನು. ಆಗೆಲ್ಲ ಹಳಿ ಸರಿಸಲು ಯಂತ್ರವಿರಲಿಲ್ಲ, ಹಾರೆ ಹಿಡಿದ ಆಳುಗಳಷ್ಟೇ. ಅಪ್ಪ "ಹೋಯ್" ಎಂದು ಎಳೆದರೆ ಎಲ್ಲರೂ ಹಾರೆ ಊರುತ್ತಿದ್ದರು, "ಸಾ" ಎಂದರೆ ಒಟ್ಟಿಗೆ ಮೀಟುತ್ತಿದ್ದರು. ಆ ಕಬ್ಬಿಣ ಮಲಗಿದ ಮಗು ಮಗ್ಗುಲು ಬದಲಿಸಿದ ಹಾಗೆ ಸರಿಯುತ್ತಿತ್ತು. ಅಪ್ಪನಿಗೆ ಬುತ್ತಿ ತಂದ ಇವಳು, ಆಗಿನ್ನೂ ಹುಡುಗಿ, ಜಲ್ಲಿಯ ರಾಶಿಯ ಮೇಲೆ ಕೂತು ಬಾಯಲ್ಲೇ "ಸಾ" ಅನ್ನುತ್ತಿದ್ದಳು. ಒಬ್ಬ ಅವಸರಪಟ್ಟರೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗಾಗುತ್ತಿತ್ತು. ಅಪ್ಪ ಬೈಯುತ್ತಿರಲಿಲ್ಲ, ಹಾರೆ ಕೆಳಗಿಡಿಸಿ ಮೊದಲಿನಿಂದ ಕೂಗುತ್ತಿದ್ದ. ಎಂಥಾ ದನಿ! ಈಗಲೂ ಸುರಂಗದಲ್ಲಿ ಒಬ್ಬಳೇ ನಿಂತರೆ ಅದು ಕೇಳಿಸುತ್ತದೆ ಎನ್ನುವಾಗ ಅವಳ ಕಣ್ಣು ತುಂಬುತ್ತದೆ.

ಅವಳ ಕೆಲಸದಲ್ಲೂ ಒಮ್ಮೆ ತಾಳ ತಪ್ಪಿತ್ತು. ಸೆಟ್ಟನ್ನು ಮೇಜಿನ ಮೇಲೆ ಪರೀಕ್ಷಿಸುವಾಗ ಅದಕ್ಕೆ ಟವರ್ ಸಿಗದಿದ್ದರೂ 'ನನ್ನ ಹತ್ತಿರ ಟವರಿನ ವೇಳೆ ಇದೆ' ಎಂದು ಕೂಗುವ ಹಾಗೆ ಮಾಡಬೇಕು, ಮುಗಿದ ಮೇಲೆ ಅದನ್ನು ತೆಗೆಯಬೇಕು. ಅಂದು ಚಹಾ ಬಂತು, ಮಾತು ಬಂತು, ತೆಗೆಯುವುದು ಮರೆತೇಹೋಯಿತು. ಸೆಟ್ ಸುರಂಗದ ನಡುವಿಗೆ ಹೋಯಿತು. ಹತ್ತಿರವಿದ್ದ ಸೆಟ್ಟುಗಳೆಲ್ಲ ಅದರ ಸುಳ್ಳು ವೇಳೆಯನ್ನೇ ನಂಬಿ ಅದರ ಹಿಂದೆ ಹೋದವು, ಉಳಿದವು ಬಾಗಿಲ ಸೆಟ್ಟಿನ ಜೊತೆ ನಿಂತವು. ಒಂದೇ ಸುರಂಗದಲ್ಲಿ ಎರಡು ಗುಂಪು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದು. ಸಾಮಾನು ಹೊತ್ತ ಟ್ರಾಲಿ ಹೊರಡಬೇಕಿತ್ತು. "ಹಳಿ ಬಿಡಿ" ಎಂದು ಅವಳು ಎಷ್ಟು ಕೂಗಿದರೂ ನಡುವಿನ ಗ್ಯಾಂಗಿನಿಂದ ಉತ್ತರವಿಲ್ಲ. ಟ್ರಾಲಿ ತಡೆದು ಟಾರ್ಚ್ ಹಿಡಿದು ಓಡಿದಳು. ಅವರೋ ಹಳಿಯ ಮೇಲೇ ಕೂತು ಹರಟುತ್ತಿದ್ದರು, "ಯಾಕಕ್ಕಾ, ಬೆವರಿದ್ದೀಯ?" ಎಂದರು.

"ಸೆಟ್ ಸುಳ್ಳು ಹೇಳ್ತು ಅಂತ ಎಲ್ಲರೂ ಅಂದ್ರು. ಸೆಟ್ಟಿಗೇನು ಗೊತ್ತು? ಹೇಳಿಸಿದವಳು ನಾನು." ಅಂದಿನಿಂದ ಪರೀಕ್ಷೆಗೆ ಕೂತ ಸೆಟ್ಟಿಗೆ ಕೆಂಪು ದಾರ ಕಟ್ಟುತ್ತಾಳೆ. ದಾರ ಬಿಚ್ಚುವವರೆಗೆ ಚಹಾ ಇಲ್ಲ, ಮಾತೂ ಇಲ್ಲ.

ಈಗ ಸುರಂಗದ ಉದ್ದಕ್ಕೂ ಹೊಸ ತಂತಿ ಎಳೆಯುತ್ತಿದ್ದಾರೆ. ಅದು ಬಂದರೆ ಒಳಗೂ ಟವರ್ ಸಿಗುತ್ತದೆ, ಮಾತಿಗೆ ಫೋನೇ ಸಾಕು. "ಸೆಟ್ಟೆಲ್ಲ ಗೋದಾಮಿಗೆ ಹೋಗುತ್ತೆ ಅಕ್ಕಾ, ನೀವು ಆಫೀಸಲ್ಲಿ ಆರಾಮಾಗಿ ಕೂರಬಹುದು" ಎಂದು ಮೇಲ್ವಿಚಾರಕರು ಹೇಳಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಆರಾಮ ಎಂದರೆ ಏನೆಂದು ಅವಳು ಮನೆಯಲ್ಲೇ ನೋಡಿದ್ದಾಳೆ. ಹಳಿ ಸರಿಸುವ ಯಂತ್ರ ಬಂದ ವರ್ಷ ಅಪ್ಪನನ್ನು ಮನೆಗೆ ಕಳಿಸಿದರು. ಎಷ್ಟೋ ದಿನ ಆತ ನಸುಕಿನಲ್ಲಿ ಎದ್ದು, ಬೂಟು ಹಾಕಿಕೊಂಡು ಮಂಚದ ಮೇಲೆ ಕೂತಿದ್ದು ಮತ್ತೆ ಬಿಚ್ಚಿಡುತ್ತಿದ್ದ.

ತಂತಿ ಬೇಡ ಎಂದು ಅವಳು ಹೇಳುವುದಿಲ್ಲ. "ಬರ್ಲಿ, ಒಳ್ಳೇದೇ. ಆದ್ರೆ ಬೆಟ್ಟ ಕುಸಿದ ದಿನ ಮೊದ್ಲು ಹರಿಯೋದು ತಂತೀನೇ. ಅವತ್ತು ಸೆಟ್ಟುಗಳು ಒಂದನ್ನೊಂದು ಹುಡುಕ್ಕೋಬೇಕಲ್ಲ?" ವಾರಕ್ಕೊಂದು ಬೆಳಿಗ್ಗೆ ತಂತಿ ಆರಿಸಿ ಸೆಟ್ಟುಗಳನ್ನು ಒಳಗೆ ಒಯ್ಯಲು ಬಿಡಿ ಎಂದು ಕೇಳಿಕೊಂಡಿದ್ದಾಳೆ. ನೋಡೋಣ ಎಂದಿದ್ದಾರೆ. ಆಫೀಸಿನ 'ನೋಡೋಣ'ಕ್ಕೆ ಅರ್ಥ ಹುಡುಕಿದವರುಂಟೇ!

ಅಪ್ಪನಿಗೆ ಈಗ ಕಿವಿ ಮಂದ, ದನಿಯೂ ಸೋತಿದೆ. ಮಗಳ ಕೆಲಸ ಪೂರ್ತಿ ಅರ್ಥವಾಗಿದೆಯೋ ಇಲ್ಲವೋ, ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಕೇಳುವುದು ಒಂದೇ ಮಾತು: "ಎಲ್ಲರೂ ಒಟ್ಟಿಗೆ ಮೀಟಿದ್ರಾ?" ಅವಳು ಕಿವಿಯ ಹತ್ತಿರ ಬಗ್ಗಿ "ಮೀಟಿದ್ರು ಅಪ್ಪಾ" ಎನ್ನುತ್ತಾಳೆ. ಆಮೇಲೆಯೇ ಆತ ಊಟಕ್ಕೆ ಏಳುವುದು.

ಸುರಂಗದಿಂದ ಹೊರಬಂದು ಬಾಗಿಲ ಸೆಟ್ಟಿನ ದೂಳು ಒರೆಸುತ್ತಾ ಅವಳು ಹೇಳುತ್ತಾಳೆ: "ವಾರಕ್ಕೊಂದ್ ಬೆಳಿಗ್ಗೆ ಸಾಕು ನಂಗೆ. ತಂತಿ ಬಂದ್ಮೇಲೂ ಅಪ್ಪ ಕೇಳ್ತಾನಲ್ಲ. ಸೆಟ್ಟುಗಳ ತಾಳ ಕೂಡದೇ 'ಮೀಟಿದ್ರು' ಅಂತ ಅವನಿಗೆ ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ."