ಬಸಳೆ ಚಪ್ಪರದಲ್ಲಿ ಏರಿಯಲ್

ಪಕ್ಕದ ಫ್ಲ್ಯಾಟಿನ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ತಂತಿಯಿಂದ. ಈ ವಯಸ್ಸಿನಲ್ಲಿ ಎಂಥ ಹೊಟ್ಟೆಕಿಚ್ಚು ಎಂದು ಕೇಳುವವರಿಗೆ ಇನ್ನೂ ವಯಸ್ಸಾಗಿಲ್ಲ ಎಂದೇ ಅರ್ಥ.

ನನ್ನ ಗಂಡ ದುಬೈಯ ಕ್ರೀಕ್ ಬಂದರಿನಲ್ಲಿ ಸರಕಿನ ಲಾಂಚುಗಳ ಎಂಜಿನ್ ರಿಪೇರಿ ಮಾಡುತ್ತಿದ್ದವರು. ಕೆಲಸ ಬಿಟ್ಟ ಮೇಲೆ ನಾವಿಬ್ಬರೂ ಅಲ್ಲೇ ಅಲ್ ಕುಸೈಸ್‌ನಲ್ಲಿ ಮಗನ ಫ್ಲ್ಯಾಟಿನಲ್ಲಿದ್ದೇವೆ. ಮಗ, ಸೊಸೆ ಆಫೀಸಿಗೆ, ಮೊಮ್ಮಗಳು ಶಾಲೆಗೆ. ಸಂಜೆ ಬಿಸಿಲು ಇಳಿದ ಮೇಲೆ ನಾವಿಬ್ಬರು ಬಾಲ್ಕನಿಯಲ್ಲಿ ಕೂರುತ್ತಿದ್ದೆವು. ಅಲ್ಲಿ ಹಿಡಿಯುವುದು ಎರಡೇ ಕುರ್ಚಿ. ಮೂಲೆಯಲ್ಲಿ ಪೇಂಟಿನ ಬಕೆಟ್ಟಿನಲ್ಲಿ ನಾನು ಊರಿನಿಂದ ತಂದು ನೆಟ್ಟ ಬಸಳೆ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಅದಕ್ಕೆ ಚಪ್ಪರ ಮಾಡಿದ್ದೆ. ಅವರು ಚಹಾ ಕುಡಿಯುತ್ತ ಹಳೆಯ ಲಾಂಚಿನ ಕತೆ ಹೇಳುವರು, ನಾನು ಸೊಪ್ಪು ಬಿಡಿಸುತ್ತ ಹೂಂಗುಟ್ಟುವೆ. ಎಲ್ಲ ಕೇಳಿದ ಕತೆಗಳೇ. ಆದರೆ ದಿನದಲ್ಲಿ ಅದೊಂದು ಹೊತ್ತು ನನ್ನದಾಗಿತ್ತು.

ಅಷ್ಟರಲ್ಲಿ ಸ್ಕ್ಯಾನರ್ ಬಂತು. ದೇಶ ಬಿಟ್ಟು ಹೋಗುವ ಗೆಳೆಯರೊಬ್ಬರು ಕೊಟ್ಟು ಹೋದ ರೇಡಿಯೋ ಅದು. ಗುಂಡಿ ಒತ್ತಿದರೆ ತಾನೇ ಒಂದೊಂದು ಸ್ಟೇಷನ್ ಹುಡುಕುತ್ತ ಓಡುತ್ತದೆ, ಮಾತು ಸಿಕ್ಕಿದಲ್ಲಿ ನಿಲ್ಲುತ್ತದೆ. ಮಗ ಮೊದಲ ದಿನವೇ ಹೇಳಿದ: "ಅಪ್ಪಾ, ಪೊಲೀಸರದ್ದು, ವಿಮಾನದ್ದು ಎಂತದೂ ಕೇಳ್ಲಿಕ್ಕಿಲ್ಲ ಆಯ್ತಾ. ಮತ್ತೆ ನಮ್ಮನ್ನೆಲ್ಲ ಊರಿಗೆ ಪ್ಯಾಕ್ ಮಾಡ್ತಾರೆ." ಅವರಿಗೆ ಬೇಕಾದದ್ದೂ ಅದಲ್ಲ. ಊರಿನ ಸ್ಟೇಷನ್ ಬೇಕಿತ್ತು. ಮೊಬೈಲಿನಲ್ಲಿ ಬೆರಳಿಟ್ಟರೆ ಬರುತ್ತದಲ್ಲ ಎಂದೆ.

"ಅದು ಇಂಟರ್ನೆಟ್ಟು ಮಾರಾಯ್ತಿ. ಇದು ಸಮುದ್ರ ದಾಟಿ ಗಾಳಿಯಲ್ಲೇ ಬರ್ಬೇಕು."

ಬಂದದ್ದು ಬರೀ ಬುಸ್ ಬುಸ್. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ.

ಆ ಸದ್ದು ಪಕ್ಕದ ಬಾಲ್ಕನಿಗೂ ಕೇಳಿತು. ಅಲ್ಲಿ ಮಗಳ ಮನೆಗೆ ಬಂದು ನಿಂತ ಒಬ್ಬ ಹೆಂಗಸು ಇದ್ದಳು, ಮೈಸೂರು ಕಡೆಯವಳು, ಗಂಡ ತೀರಿಕೊಂಡಿದ್ದ. ನನ್ನದೇ ವಯಸ್ಸು, ಆದರೆ ನಾನು ನಾಲ್ಕನೇ ಕ್ಲಾಸು, ಅವಳು ಸರ್ಕಾರಿ ವೈರ್‌ಲೆಸ್ ಆಫೀಸಿನಲ್ಲಿ ಕೆಲಸ ಮಾಡಿದವಳು. ಗೋಡೆಯ ಮೇಲಿಂದ ಇಣುಕಿ, "ಸಾರ್, ಮನೆಯೊಳಗೆಲ್ಲ ಕಬ್ಬಿಣ, ಕಾಂಕ್ರೀಟು, ಚಾರ್ಜರು. ಅದ್ಹೆಂಗೆ ಬರತ್ತೆ? ಹೊರಗೊಂದು ಏರಿಯಲ್ ಕಟ್ಬೇಕು," ಎಂದಳು.

"ಹೌದಾ ಮೇಡಂ?" ಎಂದರು ಇವರು.

ಮೇಡಂ. ನನ್ನನ್ನು ಇಷ್ಟು ವರ್ಷದಲ್ಲಿ ಕರೆದದ್ದು "ಹೋಯ್", ಬಿಟ್ಟರೆ "ಮಾರಾಯ್ತಿ". ಅಷ್ಟೇ.

ಮಾರನೆಯ ದಿನ ಅವಳು ಬಂದಳು. ಬಂದವಳು ನನ್ನ ಕುರ್ಚಿಯಲ್ಲೇ ಕೂತಳು. ನಾನು ಚಹಾ ಕೊಟ್ಟು ಒಳಗೆ ನಿಂತು ಕೇಳಿದೆ. ತಂತಿ ಉದ್ದವಿರಬೇಕು, ಎತ್ತರದಲ್ಲಿರಬೇಕು, ಕಬ್ಬಿಣದ ಕಂಬಿಗೆ ತಾಗಬಾರದು, ಎಸಿಯ ಪೆಟ್ಟಿಗೆಯಿಂದ ದೂರ ಇರಬೇಕು, ಅದರ ತುದಿಯನ್ನು ರೇಡಿಯೋದ ಸುತ್ತ ನಾಲ್ಕಾರು ಸುತ್ತು ಸುತ್ತಬೇಕು. ಇವರು ತಲೆ ಆಡಿಸಿದ್ದೇ ಆಡಿಸಿದ್ದು. ನಾನು ಒಂದು ವಾರದಿಂದ ಅಡುಗೆಮನೆಯ ನಲ್ಲಿ ಸೋರುತ್ತದೆ ಎಂದು ಹೇಳುತ್ತಿದ್ದೆ, ಅದಕ್ಕೆ ಆ ತಲೆ ಒಮ್ಮೆಯೂ ಆಡಿರಲಿಲ್ಲ.

ತಂತಿ ಕಟ್ಟುವಾಗ ಕೆಳಗಿನಿಂದ ನಾತೂರ್ ಕೂಗಿದ. ಬಿಲ್ಡಿಂಗಿನ ಕಾವಲುಗಾರನಿಗೆ ಇಲ್ಲಿ ಹಾಗೆ ಹೇಳುತ್ತಾರೆ. "ಚಾಚಾ, ಬಾಹರ್ ಕುಛ್ ನಹೀ ಲಟಕಾನಾ! ಮಾಫಿ!" ಮಾಫಿ ಎಂದರೆ ಇಲ್ಲಿಯ ಅರಬ್ಬಿಯಲ್ಲಿ ಇಲ್ಲ ಎಂದು. ಹೊರಗೆ ಏನೂ ನೇತಾಡಬಾರದು ಎಂದಾದ ಮೇಲೆ ಒಳಗಿನ ಎತ್ತರದ ಜಾಗ ಒಂದೇ ಉಳಿಯಿತು, ನನ್ನ ಬಸಳೆಯ ಹಗ್ಗ. ಅದರ ಉದ್ದಕ್ಕೂ ತಂತಿ ಎಳೆದರು. ಬುಸ್ ಬುಸ್ ಸ್ವಲ್ಪ ತಗ್ಗಿತು, ಎಲ್ಲಿಯದೋ ಅರಬ್ಬೀ ಹಾಡು ಬಂತು. ಊರು ಬರಲಿಲ್ಲ.

"ಬಳ್ಳಿ ಭಾರಕ್ಕೆ ತಂತಿ ಜಗ್ಗಿ ಕಂಬಿಗೆ ತಾಗ್ತಿದೆ ಸಾರ್," ಎಂದಳು ಅವಳು.

ನಾನು ಮೀನಿಗೆಂದು ಹೋಗಿ ಬರುವಷ್ಟರಲ್ಲಿ ಚಪ್ಪರ ಬೋಳಾಗಿತ್ತು. ಬಕೆಟ್ಟಿನಲ್ಲಿ ಗೇಣುದ್ದದ ಎರಡು ದಂಟು.

"ಸೊಪ್ಪು ಎಲ್ಲಿ?"

"ಮೇಡಂಗೆ ಕೊಟ್ಟೆ. ಹಾಳಾಗುದು ಬೇಡ ಅಂತ."

ಸಂಜೆ ಅದೇ ಸೊಪ್ಪು ಬೇಳೆ ಹಾಕಿದ ಸಾಂಬಾರಾಗಿ ಒಂದು ಡಬ್ಬಿಯಲ್ಲಿ ನಮ್ಮ ಮನೆಗೆ ವಾಪಸು ಬಂತು. ತೆಂಗಿನಕಾಯಿಯ ಸುಳಿವಿಲ್ಲ, ಸಿಗಡಿ ಇಲ್ಲ. ಇವರು ಎರಡು ಸಲ ಹಾಕಿಸಿಕೊಂಡು ಉಂಡರು. ನಾನು ಮೀನಿನ ಸಾರು ಮುಚ್ಚಿಟ್ಟೆ.

ಮೊಮ್ಮಗಳು ನನ್ನ ಮುಖ ನೋಡಿ, "ಅಜ್ಜೀ, ಆರ್ ಯು ಜೆಲಸ್?" ಎಂದಳು. ಆ ಶಬ್ದ ನನಗೆ ಗೊತ್ತು.

"ಹೌದು," ಎಂದೆ. "ಉಣ್ಣು."

ಎರಡು ದಿನ ಕಳೆದು, ಮಸೀದಿಯಲ್ಲಿ ಸಂಜೆಯ ಬಾಂಗ್ ಆದ ಸ್ವಲ್ಪ ಹೊತ್ತಿಗೆ, ಊರು ಸಿಕ್ಕಿತು. ಇವರು ಬಾಲ್ಕನಿಯಿಂದ ಓಡಿ ಬಂದರು. ಅಡುಗೆಮನೆಯ ಬಾಗಿಲಲ್ಲಿ ನಾನು ನಿಂತಿದ್ದೆ. ನನ್ನನ್ನು ದಾಟಿ ಹೊರಗೆ ಹೋಗಿ ಪಕ್ಕದ ಮನೆಯ ಬೆಲ್ ಒತ್ತಿದರು. "ಮೇಡಂ! ಬಂತು, ಬಂತು!"

ಅವಳು ಬಂದು ನನ್ನ ಕುರ್ಚಿಯಲ್ಲಿ ಕೂತಳು. ರೇಡಿಯೋದಲ್ಲಿ ಒಬ್ಬ ಗಂಡಸು ನಿಧಾನವಾಗಿ ಓದುತ್ತಿದ್ದ. ಗಾಳಿ ಜೋರಿದೆ, ಅಲೆಗಳು ಎತ್ತರ ಇರುತ್ತವೆ, ಮೀನುಗಾರರು ಕಡಲಿಗೆ ಇಳಿಯಬಾರದು.

ನನ್ನ ಅಪ್ಪ ಕಡಲಿಗೆ ಹೋಗುತ್ತಿದ್ದವರು, ಈಗ ಅಣ್ಣ ಹೋಗುತ್ತಾನೆ. ಈ ಮಾತು ಓದುವಾಗ ನಮ್ಮ ಮನೆಯಲ್ಲಿ ಮಕ್ಕಳು ಅಳುವ ಹಾಗಿರಲಿಲ್ಲ. ಅಪ್ಪ ಕೇಳಿ ಮುಗಿಸಿ ಬಲೆ ಎತ್ತಿಡುತ್ತಾರೋ ಹೆಗಲಿಗೆ ಹಾಕುತ್ತಾರೋ ಎಂದು ಅಮ್ಮ ನೋಡುತ್ತ ನಿಲ್ಲುವಳು. ಇದು ನನ್ನ ಗಂಡನಿಗೂ ಗೊತ್ತು, ಅವರ ಮನೆಯೂ ಅದೇ ಕಡಲ ಕರೆಯಲ್ಲಿ.

"ಇಷ್ಟೇನಾ ಸಾರ್? ಹವಾಮಾನನಾ?" ಎಂದು ಅವಳು ನಕ್ಕಳು. "ನಾನು ಹಾಡು ಅಂದ್ಕೊಂಡೆ. ಒಲೆ ಮೇಲೆ ಹಾಲಿಟ್ಟು ಬಂದಿದೀನಿ." ಎದ್ದು ಹೋದಳು.

ಇವರು ರೇಡಿಯೋ ನೋಡುತ್ತ ಕೂತರು. ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಅದು ಇನ್ನೂ ಬೆಚ್ಚಗಿತ್ತು, ಅದೂ ನನಗೆ ಹಿಡಿಸಲಿಲ್ಲ.

"ಕೇಳಿತಾ?" ಎಂದರು.

"ಕೇಳಿತು. ಇವತ್ತು ಅಣ್ಣನ ದೋಣಿ ಹೋಗ್ಲಿಕ್ಕಿಲ್ಲ."

"ಹೂಂ. ಅವನು ಕೇಳುವ ಜನವಾ?" ಎಂದರು. ಬಹಳ ದಿನದ ಮೇಲೆ ನನ್ನೊಡನೆ ಆಡಿದ ಪೂರ್ತಿ ಮಾತು ಅದು. ಆಮೇಲೆ ತಾವೇ ಹಾಳು ಮಾಡಿದರು. "ನಾಳೆ ಹಾಡು ಬರುವಾಗ ಮೇಡಂನ ಕರೀಬೇಕು."

"ಕರೀರಿ. ಮೊದ್ಲು ನನ್ನ ಬಸಳೆಗೆ ಬೇರೆ ಹಗ್ಗ ಕಟ್ಟಿ."

ಬೆಳಿಗ್ಗೆ ಕಟ್ಟಿದರು, ತಂತಿಯಿಂದ ಒಂದು ಮೊಳ ಕೆಳಗೆ. ನಲ್ಲಿಯನ್ನೂ ಸರಿ ಮಾಡಿದರು. ಸಂಜೆ ಅವರು ಗುಂಡಿ ಒತ್ತುವ ಮೊದಲೇ ನಾನು ಅಂಗಡಿಯಿಂದ ತಂದ ಸೊಪ್ಪಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಬೆಲ್ ಆಯಿತು, ಅವಳು ಬಂದಳು, ಎರಡು ಕುರ್ಚಿಯನ್ನೂ ನೋಡಿದಳು. ನಾನು ಏಳಲಿಲ್ಲ. ಹಾಡು ಮುಗಿಯುವ ತನಕ ಬಾಗಿಲಲ್ಲಿ ನಿಂತೇ ಕೇಳಿದಳು.