ತೊಗರಿ ಡಬ್ಬಿಯ ಕೆಳಗಿನ ಆಧಾರ

ಇಂಡಿ ಊರಿನ ನಮ್ಮ ಮನೆಯ ಹಾಲ್‌ನಲ್ಲಿ, ಗಾಜಿನ ಕಪಾಟಿನೊಳಗೆ, ಇಂಗ್ಲಿಷ್ ಎನ್‌ಸೈಕ್ಲೋಪೀಡಿಯಾದ ಫುಲ್ ಸೆಟ್ ಇದೆ. ಬಂದವರು ಮೊದಲು ಅದನ್ನು ನೋಡಿ ಆಮೇಲೆ ನನ್ನನ್ನು ನೋಡುತ್ತಾರೆ. ಈ ಕ್ರಮ ನನಗೆ ಬಹಳ ವರ್ಷ ಇಷ್ಟವಾಗಿತ್ತೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಕಾನ್ವೆಂಟಿನಲ್ಲಿ ಕಲಿತವಳಲ್ಲವೆ, ನಾಲೆಡ್ಜ್ ಎಂದರೆ ದಪ್ಪ ರಟ್ಟು ತೊಟ್ಟು, ಅಸೆಂಬ್ಲಿಯ ಮಕ್ಕಳಂತೆ ಸಾಲಾಗಿ ನಿಂತಿರಬೇಕು.

ಹೋದ ತಿಂಗಳು ಗೊಳಸಂಗಿಯ ತಸ್ಲೀಮಾ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿಯ ಮಗಳು. ಕನ್ನಡ ನಾಡಿನ ಮಾಡರ್ನ್ ಚಿತ್ರಕಲೆ, ನಾಟಕಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿಯ ಲೈಬ್ರರಿಗಳನ್ನು ಬಸ್ಸಿನಲ್ಲೇ ಸುತ್ತಿ ಮುಗಿಸಿದ್ದಳು. ಬ್ಯಾಕ್‌ಗ್ರೌಂಡ್ ಸಾಲದೆಂದು ಅವಳ ಗೈಡ್ ಮೊದಲ ಅಧ್ಯಾಯವನ್ನು ಎರಡು ಸಲ ವಾಪಸ್ ಕಳಿಸಿದ್ದರು. ಮತ್ತೆ ಹಾಗಾದರೆ ವಿಷಯವನ್ನೇ ಬದಲಿಸು ಎಂದಿದ್ದರಂತೆ.

ನಾನು ಗತ್ತಿನಿಂದ ‘ಎಂ’ ಸಂಪುಟ ತೆಗೆದುಕೊಟ್ಟೆ. ಮಾಡರ್ನಿಸಂ ಇತ್ತು. ಪ್ಯಾರಿಸ್ ಇತ್ತು, ವಿಯೆನ್ನಾ ಇತ್ತು.

“ಟೀಚರ್ರೀ, ಇದರಾಗ ನಮ್ಮ ಕಡೇದು ಒಂದೂ ಇಲ್ಲಲ್ರಿ?”

“ಮೊದಲ ಚಹಾ ಕುಡಿ,” ಎಂದು ಅಡುಗೆಮನೆಗೆ ತಪ್ಪಿಸಿಕೊಂಡೆ. ಸಕ್ಕರೆ ಡಬ್ಬಿ ಇಳಿಸಿಕೊಡಲು ಹಿಂದೆಯೇ ಬಂದವಳು ಶೆಲ್ಫಿನ ಮುಂದೆ ನಿಂತುಬಿಟ್ಟಳು.

“ಈ ಹಾಸಿದ ಪೇಪರ್ ಎಲ್ಲೀದ್ರಿ?”

“ನಮ್ಮ ಮನಿಯವರ ರದ್ದಿ.”

“ರದ್ದಿ ಅಂತೀರಲ್ರೀ! ಇದನ್ನ ಹುಡುಕೋತ ಮೂರು ತಾಲೂಕು ತಿರಗೇನಿ ನಾ!”

ನನ್ನ ಗಂಡ ಸಣ್ಣಪುಟ್ಟ ಕನ್ನಡ ಪತ್ರಿಕೆಗಳನ್ನು ತರಿಸುತ್ತಿದ್ದರು. ನಾನು ಅವನ್ನು ರೀಡಿಂಗ್ ಎಂದು ಎಣಿಸಿದವಳೇ ಅಲ್ಲ. ಅವರು ತೀರಿಕೊಂಡ ಮೇಲೆ, ಹಾಳೆ ದಪ್ಪವಿದೆಯೆಂದು, ಅಳತೆಗೆ ಕತ್ತರಿಸಿ ಹಾಸಿದ್ದೆ.

ತಸ್ಲೀಮಾ ಒಂದೊಂದೇ ಡಬ್ಬಿ ಇಳಿಸಿದಳು. ಜೋಳದ ಕೆಳಗೆ ಚಿತ್ರಪ್ರದರ್ಶನದ ವಿಮರ್ಶೆ. ಬೆಲ್ಲದ ಕೆಳಗೆ ಹೊಸ ನಾಟಕದ ಚರ್ಚೆ, ಅದರ ತುದಿ ನನ್ನ ಕತ್ತರಿಗೆ ಹೋಗಿತ್ತು. ತೊಗರಿಯ ಕೆಳಗೆ ಎಣ್ಣೆಯ ದುಂಡು ಗುರುತು, ಅದರ ನಡುವೆ ನನ್ನ ಗಂಡನ ಹೆಸರು. ಅವರು ಏನೋ ಬರೆಯುತ್ತಾರೆಂದು ಗೊತ್ತಿತ್ತು. ಏನು ಎಂದು ಕೇಳಿರಲಿಲ್ಲ.

ಅವಳು ಆ ಲೇಖನದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು: “ಇಂಗ್ಲಿಷ್ ಪುಸ್ತಕಗಳನ್ನು ಓದಿ ನನಗೆ ಅರ್ಥ ಹೇಳಿದವಳು ನನ್ನ ಹೆಂಡತಿ. ಅವಳ ತಾಳ್ಮೆ ದೊಡ್ಡದು.”

ತಾಳ್ಮೆ! ಊಟವಾದ ಮೇಲೆ ಅವರು ಪುಸ್ತಕ ಹಿಡಿದು ಬಂದರೆ, ಇಷ್ಟೂ ತಿಳಿಯುವುದಿಲ್ಲವೇ ಎಂಬ ದನಿಯಲ್ಲಿ ಹೇಳುತ್ತಿದ್ದೆ.

“ಆ ಸಾಲು ಬಿಟ್ಟು ಬರಿ,” ಎಂದೆ.

“ಆಧಾರ ಬಿಡಾಕ ಬರೂದಿಲ್ರಿ. ನಮ್ಮವ್ವಗ ಇದನ್ನ ನೀವ ಕಲಿಸೀರಂತ.”

ಹಾಳೆಗಳನ್ನೆಲ್ಲ ಕೊಟ್ಟು ಕಳಿಸಿದೆ. ಅಧ್ಯಾಯ ಪಾಸಾಯಿತೆಂದು ಮೊನ್ನೆ ಫೋನ್ ಮಾಡಿದ್ದಳು. ಡಬ್ಬಿಗಳು ಈಗ ಬರಿಯ ತಗಡಿನ ಮೇಲೆ ಕುಳಿತು, ಮುಟ್ಟಿದರೆ ಸಾಕು, ಧಡ್ ಎನ್ನುತ್ತವೆ. ಹೊಸ ಪೇಪರ್ ತರಬೇಕು. ತಂದರಾಯಿತು, ಕೆಲವು ದಿನ ಸದ್ದು ಮಾಡಲಿ.