ಅರ್ಲೀನ್ ಸ್ಟಿಕಲ್ಸ್ ಮತ್ತು ಹಿಂದಿನ ಕೋಣೆ

ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಒಂದು ಸೇಬಿನ ಪೈಯನ್ನು ವಸ್ತುಸಂಗ್ರಹಾಲಯಕ್ಕೆ ಸೇರಿಸಿಬಿಟ್ಟೆ. ನಮ್ಮ ಸಂಗ್ರಹಾಲಯವೆಂದರೆ ಟೆನ್‌ಹೋವ್ ಮನೆ; ಅದರ ಊಟದ ಮೇಜಿನ ಮೇಲಿರುವುದೆಲ್ಲ ಸುಳ್ಳು. ಹಂದಿಯ ತೊಡೆ ಗಾರೆಯದು, ಬ್ರೆಡ್ಡು ಗಾರೆಯದು, ದ್ರಾಕ್ಷಿ ಮೇಣದ್ದು. ಅಡುಗೆಮನೆಯ ಕಟ್ಟೆಯ ಮೇಲೊಂದು ಪೈ ಕಂಡಿತು. ಯಾವನೋ ಸೋಮಾರಿ ಎತ್ತಿಡದೆ ಹೋಗಿದ್ದಾನೆಂದು, ಹೊಸ ನೌಕರನ ಹುರುಪಿನಲ್ಲಿ ಒಯ್ದು ಹಂದಿಯ ಪಕ್ಕ ಜೋಡಿಸಿ, ಬ್ರಷ್ಷಿನಿಂದ ಧೂಳನ್ನೂ ಹೊಡೆದೆ. ಬೆಚ್ಚಗಿತ್ತು, ಬಿಸಿಲಿಗೆ ಕಾದಿದೆ ಅಂದುಕೊಂಡೆ. ಒಂಬತ್ತು ದಿನ ನೋಡಲು ಬಂದವರೆಲ್ಲ, ಥೇಟ್ ನಿಜವಾದದ್ದರ ಹಾಗೇ ಇದೆ ಎಂದು ಹೊಗಳಿದರು. ಹತ್ತನೆಯ ದಿನ ಇರುವೆ ಬಂದವು.

"ಒಂಬತ್ತು ದಿನದಿಂದ ಎಲ್ಲರ ಹೊಟ್ಟೆ ನೋಡ್ತಿದ್ದೆ, ನನ್ನ ಪೈ ಯಾರ ಹೊಟ್ಟೇಲಿದೆ ಅಂತ," ಎಂದರು ಅರ್ಲೀನ್. "ಕದ್ದು ತಿಂದಿದ್ರೆ ನಿಂಗೆ ಸ್ವಲ್ಪ ಮರ್ಯಾದೆ ಆದ್ರೂ ಇರ್ತಿತ್ತು ಮಗಾ."

ಅರ್ಲೀನ್ ಸ್ಟಿಕಲ್ಸ್‌ಗೆ ಈಗ ಎಪ್ಪತ್ತೆಂಟು. ಕಾಲುಚೀಲದ ಗಿರಣಿ ಮುಚ್ಚಿದ ಮೇಲೆ ಇಲ್ಲಿ ಸೇರಿದವರು. ಇಪ್ಪತ್ತೆರಡು ವರ್ಷದಿಂದ ಬಿಳಿ ಟೋಪಿ, ನಾರುಬಟ್ಟೆಯ ಲಂಗ ತೊಟ್ಟು ಒಲೆಯ ಮುಂದೆ ಕತರೀನಾ ಟೆನ್‌ಹೋವ್ ಆಗಿ ನಿಲ್ಲುತ್ತಾರೆ. ಈ ಮನೆಯ ಒಡತಿಯಾಗಿದ್ದ ಕತರೀನಾ ಸತ್ತು ಇನ್ನೂರು ವರ್ಷ ದಾಟಿದೆ. ನಾನು ಅದೇ ಕತರೀನಾಳ ಮನೆಯ ಆಳು, ಗಂಟೆ ಲೆಕ್ಕದ ಕೂಲಿ. ಮಂಡಿಯುದ್ದದ ಚಡ್ಡಿ ಹಾಕಿಕೊಂಡು ಶಾಲೆಯ ಮಕ್ಕಳೆದುರು ಸೌದೆ ಸೀಳುತ್ತೇನೆ. ಹತ್ತು ಏಟಿನಲ್ಲಿ ಮೂರು ಸೌದೆಗೆ ಬೀಳುತ್ತವೆ. ಜನರೆದುರು ನಾವು 1790ನೇ ಇಸವಿ ಬಿಟ್ಟು ಆಚೆ ಬರಕೂಡದು. ಅದು ಕೆಲಸದ ನಿಯಮ.

ಅರ್ಲೀನ್ ಇದೇ ಮನೆಯಲ್ಲಿ ಬೆಳೆದವರೆಂಬುದು ಮಾತ್ರ ಯಾವ ಫಲಕದಲ್ಲೂ ಇಲ್ಲ. ಟೆನ್‌ಹೋವ್ ವಂಶದವರು ಹಡ್ಸನ್ ನದಿಯ ಕೆಳಹರಿವಿನ ದೊಡ್ಡ ಪಟ್ಟಣ ಸೇರಿ ಎಷ್ಟೋ ತಲೆಮಾರು ಕಳೆದ ಮೇಲೆ ಅರ್ಲೀನ್‌ರ ಅಪ್ಪ ಲೆಸ್ಟರ್ ಇಲ್ಲಿ ಗೇಣಿಗೆ ಬಂದ. ಹಾಲಿನ ದನ, ಸೇಬಿನ ತೋಟ ನೋಡಿಕೊಂಡ. ಅರ್ಲೀನ್‌ಗೆ ಏಳು ವರ್ಷವಾದಾಗ ಅವರ ತಾಯಿಗೆ ಪೋಲಿಯೊ ಬಡಿದು ಕಾಲು ಹೋದವು. ಮಲಗುವ ಮನೆ ಮಹಡಿಯ ಮೇಲೆ. ಲೆಸ್ಟರ್ ಮನೆಯ ಹಿಂಬದಿಗೆ ಒಂದು ಕೋಣೆ ಕಟ್ಟಿದ. ಹೊಸ್ತಿಲಿಲ್ಲ. ಕಿಟಕಿ ಹಾಸಿಗೆಯ ಮಟ್ಟಕ್ಕೆ, ಮಲಗಿದವಳಿಗೆ ತೋಟ ಕಾಣಲೆಂದು. ಆಕೆ ಹನ್ನೊಂದು ವರ್ಷ ಆ ಕಿಟಕಿಯಿಂದ ನೋಡಿ ಅಲ್ಲೇ ತೀರಿಕೊಂಡರು. ಅದೇ ವರ್ಷ ಒಡೆಯರು ಮನೆಯನ್ನು ಸಂಗ್ರಹಾಲಯಕ್ಕೆ ದಾನ ಕೊಟ್ಟರು. ಸ್ಟಿಕಲ್ಸ್ ಕುಟುಂಬಕ್ಕೆ ಹದಿನೈದು ದಿನದ ಗಡುವು.

"ನಮ್ಮನ್ನೂ ದಾನಕ್ಕೆ ಸೇರಿಸ್ಬೇಕಿತ್ತು," ಎನ್ನುತ್ತಾರೆ ಅರ್ಲೀನ್. "ಬೆನ್ನಿಗೊಂದು ನಂಬರ್ ಬರ್ದು ಇಟ್ಕೋತಿದ್ರು."

ಸಂಗ್ರಹಾಲಯದ ವ್ರತ ಒಂದೇ: ಮನೆಯನ್ನು 1790ಕ್ಕೆ ವಾಪಸ್ಸು ಒಯ್ಯುವುದು. ಆಮೇಲೆ ಸೇರಿದ್ದೆಲ್ಲ ಒಂದೊಂದಾಗಿ ಹೋಯಿತು. ತಗಡಿನ ಮಾಡು, ಮುಂದಿನ ಜಗಲಿ, ಬಚ್ಚಲು, ಅರ್ಲೀನ್‌ರ ತಾಯಿ ಅಡುಗೆಮನೆಗೆ ಬಳಿದಿದ್ದ ಹಸಿರು ಬಣ್ಣ. ಹಿಂದಿನ ಕೋಣೆ ಉಳಿದದ್ದು ಅದನ್ನು ಕೆಡವಲು ಅನುದಾನ ಬಾರದ ಪುಣ್ಯದಿಂದ. ಕೆಲಸದವರು ಮಧ್ಯಾಹ್ನ ಅಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಅರ್ಲೀನ್ ಯಾವಾಗಲೂ ಕಿಟಕಿಯ ಪಕ್ಕ, ತಾಯಿಯ ಹಾಸಿಗೆಯಿದ್ದ ಕಡೆ ಕೂರುತ್ತಿದ್ದರು. ಆ ಅರ್ಧ ಗಂಟೆಗಾಗಿಯೇ ಅವರು ಉಳಿದ ಏಳು ಗಂಟೆ ಕತರೀನಾ ಆಗಿರುತ್ತಾರೆಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ನನ್ನ ಗಮನವೆಲ್ಲ ಸ್ಯಾಂಡ್‌ವಿಚ್ಚಿನ ಮೇಲಿತ್ತು.

ಕಳೆದ ವರ್ಷ ಅನುದಾನ ಬಂತು. ಕೆಡವುವ ಮೊದಲು ದಾಖಲೆ ಮಾಡಬೇಕೆಂದು ನಿರ್ದೇಶಕಿ ಮೆರೆಡಿತ್ ಮರದ ತಜ್ಞರೊಬ್ಬರನ್ನು ಕರೆಸಿದರು. ಅವರು ಕೋಣೆಯ ನಾಲ್ಕು ತೊಲೆಗಳಿಂದ ಪೆನ್ಸಿಲ್ ಗಾತ್ರದ ತುಂಡು ಕೊರೆದು ಒಯ್ದು, ಮರದ ವಯಸ್ಸು ಹೇಳುವ ಉಂಗುರಗಳನ್ನು ಎಣಿಸಿದರು. ಅಕ್ಟೋಬರಿನ ಒಂದು ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲೇ, ಏದುಸಿರು ಬಿಡುತ್ತ ಬಂದರು. ಮರ ಕಡಿದದ್ದು 1768ರಲ್ಲಿ. ಮನೆ ಕಟ್ಟಿದ್ದೇ 1784ರಲ್ಲಿ.

"ಮನೆಗೆ ಕೋಣೆ ಸೇರಿಸಿದ್ದಲ್ಲ ಇದು," ಎಂದರು. "ಈ ಕೋಣೆಗೇ ಆಮೇಲೆ ಮನೆ ಸೇರಿಸಿದ್ದಾರೆ."

ಟೆನ್‌ಹೋವ್‌ರ ಮೊದಲ ಸೂರು. ಮೆರೆಡಿತ್ ಕಣ್ಣೊರೆಸಿಕೊಂಡರು. ಕೆಡವುವುದಿರಲಿ, ಇನ್ನು ಅದಕ್ಕೆ ಮೊಳೆ ಹೊಡೆಯಲೂ ಅಪ್ಪಣೆ ಬೇಕು ಎಂದರು. ನಾನು ಅರ್ಲೀನ್ ಕಡೆ ವಾಲಿ, "ಉಳೀತಲ್ಲ, ಅರ್ಲೀನ್," ಎಂದು ಪಿಸುಗುಟ್ಟಿದೆ. ಅವರು ಸೇಬು ಹೆಚ್ಚುತ್ತಲೇ ಇದ್ದರು.

"ನೀವು ಚಿಕ್ಕವರಿದ್ದಾಗ ಈ ಕೋಣೆ ನೋಡಿದ್ದೀರಲ್ವಾ?" ಎಂದು ಮೆರೆಡಿತ್ ಅವರನ್ನು ಕೇಳಿದರು. "ಮೊದ್ಲಿಂದ್ಲೂ ಇತ್ತು ಅಂತ ಎರಡು ಸಾಲು ಬರ್ಕೊಟ್ರೆ ಸಾಕು."

ಅರ್ಲೀನ್ ಚಾಕು ಕೆಳಗಿಟ್ಟರು.

"ಮೊದ್ಲಿಂದ ಇರ್ಲಿಲ್ಲ. ತೊಲೆ ಹಳೇ ಕೊಟ್ಟಿಗೇದು. ಗಾಳಿಗೆ ಕೊಟ್ಟಿಗೆ ಬಿತ್ತು, ಅಪ್ಪ ಕುದುರೆ ಕಟ್ಟಿ ತೊಲೆ ಎಳ್ಕೊಂಡು ಬಂದ. ಐವತ್ತಮೂರು, ನವೆಂಬರ್."

"ಆಗ ನಿಮಗೆ ಏಳು ವರ್ಷ ಅಷ್ಟೇ," ಎಂದರು ಮೆರೆಡಿತ್ ಮೃದುವಾಗಿ. "ಆ ವಯಸ್ಸಿನ ನೆನಪು ಕಲಸಿಹೋಗಿರತ್ತೆ. ಯಾರಿಗಾದ್ರೂ."

ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಟ್ಟಿದ್ದರು, ಪುಣ್ಯಾತಗಿತ್ತಿ. ಅವರ ಬೆನ್ನ ಹಿಂದೆ ನಿಂತು ನಾನು, ಹೌದನ್ನಿ ಹೌದನ್ನಿ ಎಂದು ತಲೆಯಾಡಿಸಿದೆ.

"ನೀನ್ಯಾಕೋ ವೆಸ್, ಕಾಳು ಹೆಕ್ಕೋ ಕೋಳಿ ಥರ ಆಡ್ತೀಯ?" ಎಂದರು ಅರ್ಲೀನ್.

ಎಲ್ಲರನ್ನೂ ಕೋಣೆಗೆ ಕರೆದೊಯ್ದು, ಕಿಟಕಿಯ ಅಡಿಹಲಗೆ ಎಬ್ಬಿಸಿ ಮಗುಚಿದರು. ಅಡಿಯಲ್ಲಿ ಬಡಗಿ ಪೆನ್ಸಿಲಿನ ದಪ್ಪ ಅಕ್ಷರ: ಲೆಸ್ಟರ್ ಸ್ಟಿಕಲ್ಸ್, ನವೆಂಬರ್ 1953. ತಜ್ಞರು ಭೂತಗನ್ನಡಿ ತೆಗೆದರು. ಮೊಳೆಗಳನ್ನೂ ನೋಡಿದರು; ಎಲ್ಲ ಕಾರ್ಖಾನೆಯವು. ಕನ್ನಡಿಯನ್ನು ನಿಧಾನಕ್ಕೆ ಜೇಬಿಗಿಳಿಸಿ, ಕಾರಿನ ಕೀಲಿ ಹುಡುಕತೊಡಗಿದರು.

ಏಪ್ರಿಲಿನಲ್ಲಿ ಕೆಡವಿದರು. ಎರಡೇ ದಿನದ ಕೆಲಸ. ಕೆಡವುವವರಲ್ಲಿ ನಾನೂ ಇದ್ದೆ. ಸೌದೆ ಸೀಳಲು ಬಾರದವನಿಗೆ ಗೋಡೆ ಒಡೆಯಲು ಚೆನ್ನಾಗಿ ಬರುತ್ತದೆಂದು ಗೊತ್ತಾಯಿತು. ಅರ್ಲೀನ್ ಅಡುಗೆಮನೆಯಲ್ಲಿ ಶಾಲೆಯ ಮಕ್ಕಳಿಗೆ ಬೆಣ್ಣೆ ಕಡೆಯುವುದನ್ನು ತೋರಿಸುತ್ತಿದ್ದರು. ಪ್ರತಿ ಏಟಿಗೂ ಗೋಡೆಯ ಮೇಲಿನ ತಟ್ಟೆಗಳು ಅದುರಿದವು. ಆ ಸದ್ದೇನು ಎಂದು ಒಬ್ಬ ಹುಡುಗಿ ಕೇಳಿದಳು. "ನಮ್ಮ ಮನೆ ಆಳು, ಸೌದೆ ಸೀಳ್ತಿದ್ದಾನೆ," ಎಂದರು.

ಸಂಜೆ ಆ ಕಿಟಕಿಯ ಹಲಗೆಯೊಂದನ್ನು ಕೊಡಿ ಎಂದು ಕೇಳಿದರು. ಕಟ್ಟಡದಿಂದ ಹೊರಬಂದದ್ದೆಲ್ಲ ಸಂಗ್ರಹಾಲಯದ ಸ್ವತ್ತು, ಕೊಡಲು ನನಗೂ ಅಧಿಕಾರವಿಲ್ಲ ಎಂದರು ಮೆರೆಡಿತ್. ನಿಜವಾಗಿಯೂ ಬೇಜಾರಿನಿಂದಲೇ ಹೇಳಿದರು. ನನ್ನ ಅಕ್ಷರ ದುಂಡಗಿದೆಯೆಂದು ಹಲಗೆಗೆ ಸಂಖ್ಯೆ ಬರೆಯುವ ಕೆಲಸ ನನಗೇ ಬಂತು. ಬರೆದು, ಕಾಗದ ಸುತ್ತಿ, ನೆಲಮಾಳಿಗೆಯ ಪೆಟ್ಟಿಗೆಯಲ್ಲಿಟ್ಟೆ. ಪೆಟ್ಟಿಗೆಯ ಮೇಲೆ 'ಅವಧಿಗೆ ಸೇರದ್ದು' ಎಂದು ಬರೆಯಬೇಕಿತ್ತು. ಅದನ್ನೂ ದುಂಡಗೆ ಬರೆದೆ.

ಕೋಣೆಗೆ ಹೋಗುತ್ತಿದ್ದ ಬಾಗಿಲನ್ನು ಮುಚ್ಚಿ ಸುಣ್ಣ ಬಳಿದಿದ್ದಾರೆ. ಅರ್ಲೀನ್ ಬರುತ್ತಾರೆ, ಟೋಪಿ ಕಟ್ಟಿಕೊಳ್ಳುತ್ತಾರೆ. ಬೇಯಿಸುವುದು ನಿಲ್ಲಿಸಿದ್ದಾರೆ. ಮಡಕೆಯಲ್ಲಿ ಬರಿ ನೀರು ಹಾಕಿ ಕಲಕುತ್ತಾರೆ. ಈವರೆಗೆ ಬಂದವರಲ್ಲಿ ಒಬ್ಬರೂ ಇಣುಕಿ ನೋಡಿಲ್ಲ. ಮಧ್ಯಾಹ್ನ ನನ್ನ ಕಾರಿನ ಬಾಗಿಲು ತೆರೆದಿಟ್ಟು ಅದರಲ್ಲೇ ಉಣ್ಣುತ್ತೇವೆ. ಅವರು ಅರ್ಧ ತಿಂದು ಅರ್ಧ ಸುತ್ತಿಡುತ್ತಾರೆ. ಮುಖ ಸಣ್ಣಗಾಗಿದೆ, ಬೈಯುವುದೂ ಕಡಿಮೆಯಾಗಿದೆ. ಬಿಟ್ಟುಬಿಡಬಾರದೇ ಎಂದರೆ, "ಬಿಟ್ಟು ಎಲ್ಲಿ ಕೂತ್ಕೊಳ್ಲಿ?" ಎನ್ನುತ್ತಾರೆ.

ಮೊನ್ನೆ, ಕೇಳಬಾರದೆಂದು ಎರಡು ತಿಂಗಳು ತಡೆದುಕೊಂಡದ್ದನ್ನು ಕೇಳಿಯೇಬಿಟ್ಟೆ.

"ಅವತ್ತು ಸುಮ್ನಿದ್ದಿದ್ರೆ ಆಗ್ತಿತ್ತಲ್ಲ, ಅರ್ಲೀನ್. ಸುಳ್ಳು ಕೂಡ ಹೇಳ್ಬೇಕಿರ್ಲಿಲ್ಲ. ಕೋಣೆ ಉಳೀತಿತ್ತು. ಯಾಕೆ ಬಾಯಿ ಬಿಟ್ರಿ?"

ಅವರು ಉಳಿದರ್ಧ ಸ್ಯಾಂಡ್‌ವಿಚ್ಚಿಗೆ ಕಾಗದ ಸುತ್ತುತ್ತಿದ್ದರು. ಕೈ ನಿಲ್ಲಲಿಲ್ಲ.

"ಉಳೀತಿತ್ತು. ಆಮೇಲೆ ಈ ಟೋಪಿ ಹಾಕ್ಕೊಂಡು, ನಮ್ಮಮ್ಮ ಸತ್ತ ಜಾಗದಲ್ಲಿ ನಿಂತ್ಕೊಂಡು, ಇದನ್ನ ಕಟ್ಟಿದ್ದು ನನ್ನ ಮಾವ ಟೆನ್‌ಹೋವ್ ಅಂತ ದಿನಕ್ಕೆ ಆರು ಸಲ ನಾನೇ ಹೇಳ್ಬೇಕಿತ್ತು. ಕೆಡವಿದ್ದೇ ವಾಸಿ."